ಮಾದರಿ ಮಂಜುಗಡ್ಡೆಯ ಸಾಕ್ಷ್ಯ

ಕೆನಡಾದ ನ್ಯೂಫೌಂಡ್‌ಲೆಂಡ್ ಕಡಲಿನಲ್ಲಿ ಹೈಬರ್ನಿಯಾ ಎಂಬ ತೈಲವೇದಿಕೆ 1997ರಿಂದ ನಿಂತಿದೆ. 10 ಲಕ್ಷ ಟನ್ ತೂಕದ ಹಿಮಬಂಡೆ ತೇಲಿಬಂದು ಅಪ್ಪಳಿಸಿದರೂ ತಾಳಿಕೊಳ್ಳುವಂತೆ ಅದನ್ನು ಕಟ್ಟಿದ್ದಾರೆ. ಅಂಥ ಬಂಡೆಯನ್ನು ತಂದು ಡಿಕ್ಕಿ ಹೊಡೆಸಿ ನೋಡಲಾಗದು. ಆದ್ದರಿಂದ ಇಂಥ ಪರೀಕ್ಷೆಗಳು ಕೊಳದಲ್ಲಿ, ಚಿಕ್ಕ ಮಾದರಿಗಳ ಮೇಲೆ ನಡೆಯುತ್ತವೆ.

ಉದ್ದ ನೂರರಲ್ಲೊಂದಾದರೆ ಆ ಬಂಡೆಯ ತೂಕ ಒಂದೇ ಟನ್ನಿಗೆ ಇಳಿಯುತ್ತದೆ, ವೇಗ ಹತ್ತರಲ್ಲೊಂದಾಗಬೇಕು. ಇದು ಶಾಲೆಯ ಗಣಿತ. ತೊಡಕಿರುವುದು ಗಟ್ಟಿತನದಲ್ಲಿ. ಮಾದರಿಯಲ್ಲಿ ಮಂಜಿನ ಬಲವೂ ನೂರರಲ್ಲೊಂದಾಗಬೇಕು. ಆದರೆ ಗಡ್ಡೆ ಚಿಕ್ಕದಾಯಿತೆಂದು ಮಂಜು ಮೆತ್ತಗಾಗುವುದಿಲ್ಲ. ಒಡೆಯಬೇಕಾದದ್ದು ಒಡೆಯದೆ ನಿಂತರೆ ಪರೀಕ್ಷೆಯೇ ಸುಳ್ಳು. ಅದಕ್ಕಾಗಿ ಮೊದಲು ಉಪ್ಪು, ಅನಂತರ ಯೂರಿಯಾ, ಮುಂದೆ ಗ್ಲೈಕಾಲ್, ಮಾರ್ಜಕ, ಸಕ್ಕರೆಗಳ ಮಿಶ್ರಣವನ್ನು ನೀರಿಗೆ ಬೆರೆಸಿ ಹೆಪ್ಪುಗಟ್ಟಿಸಿದರು. (ಯೂರಿಯಾ, ಸಕ್ಕರೆ ಎರಡೂ ನಮ್ಮ ಕಬ್ಬಿನ ಸೀಮೆಗೆ ಹೊಸವಲ್ಲ.) ಬೆರೆತ ವಸ್ತು ಹರಳುಗಳ ನಡುವೆ ದ್ರವವಾಗಿಯೇ ಉಳಿದು ಗಡ್ಡೆಯನ್ನು ದುರ್ಬಲಗೊಳಿಸುತ್ತದೆ. ಮಕ್ಕಳು ಒಂದು ಬಟ್ಟಲಲ್ಲಿ ಬರಿಯ ನೀರನ್ನೂ ಇನ್ನೊಂದರಲ್ಲಿ ಉಪ್ಪುನೀರನ್ನೂ ಫ್ರಿಜ್ಜಿನ ಮಂಜಿನ ಖಾನೆಯಲ್ಲಿಟ್ಟು ಮರುದಿನ ಚಮಚದಿಂದ ಕೆದಕಿ ನೋಡಲಿ. ಮೇಣದ ಕೃತಕ ಗಡ್ಡೆಗೆ ಶೀತಲ ಕೊಠಡಿಯೂ ಬೇಡ; ಆದರೆ ಅದು ನಿಜವಾದ ಮಂಜಿನಷ್ಟು ಜಾರದು.

ಕಸಬೆ ಡಿಗ್ರಜದಲ್ಲಿ ಹಿಮಬಂಡೆಯ ಚಿಂತೆ ಯಾರಿಗೂ ಇಲ್ಲ; ಕೃಷ್ಣೆಯ ಚಿಂತೆ ಎಲ್ಲರಿಗೂ ಇದೆ. 2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ನೀರು 57 ಅಡಿ ಮುಟ್ಟಿತ್ತು. ಇದಕ್ಕೆ ಆಲಮಟ್ಟಿಯ ಹಿನ್ನೀರು ಕಾರಣವೆಂದು ಇಲ್ಲಿ ಅನೇಕರು ಹೇಳುತ್ತಾರೆ, ಕರ್ನಾಟಕ ಅಲ್ಲವೆನ್ನುತ್ತದೆ. ಮಹಾರಾಷ್ಟ್ರದ ಕನ್ನಡಿಗರಾದ ನಾವು ಎರಡೂ ಕಡೆಯ ವಾದ ಕೇಳಬೇಕಾದವರು.

ನದಿಗಳನ್ನೂ ಹೀಗೆಯೇ ಚಿಕ್ಕದಾಗಿಸಿ ಪರೀಕ್ಷಿಸುತ್ತಾರೆ. ಪುಣೆ ಸಮೀಪದ ಖಡಕವಾಸಲಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ 1916ರಲ್ಲಿ ಆರಂಭವಾದುದು. ಅಲ್ಲಿಯ ಕೆಲಸದಲ್ಲಿ ಮಂಜಿನ ಸ್ಥಾನದಲ್ಲಿ ತೊಡಕು ಕೊಡುವುದು ಮರಳು. ಒಂದು ಮಿಲಿಮೀಟರಿನ ಕಣವನ್ನು ನೂರರಲ್ಲೊಂದಾಗಿಸಿದರೆ ಅದು ಮರಳಾಗಿ ಉಳಿಯದೆ ಹೂಳಿನಂತೆ ನಡೆದುಕೊಳ್ಳುತ್ತದೆ. ಅದಕ್ಕಾಗಿ ಇಂಥ ಮಾದರಿಗಳಲ್ಲಿ ಕಲ್ಲಿದ್ದಲ ಪುಡಿ, ಅಕ್ರೋಟಿನ ಚಿಪ್ಪಿನ ಪುಡಿಯಂಥ ಹಗುರ ವಸ್ತುಗಳನ್ನು ಬಳಸುವುದುಂಟು.

ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮು ತಜ್ಞರ ಅಭಿಪ್ರಾಯವನ್ನು ಪ್ರಸ್ತುತವೆಂದು ಒಪ್ಪುತ್ತದೆ. ಅದನ್ನು ಕಣ್ಣುಮುಚ್ಚಿ ನಂಬಬೇಕೆಂದು ಹೇಳುವುದಿಲ್ಲ. ಕೃಷ್ಣೆಯ ಪ್ರವಾಹದ ಮಾದರಿಯೊಂದು ಯಾವುದೇ ರಾಜ್ಯದ ಪರವಾಗಿ ನ್ಯಾಯಪೀಠದ ಮುಂದೆ ಬಂದರೆ ವಕೀಲನಾಗಿ ನಾನು ಮೊದಲು ಕೇಳುವುದು ಇಷ್ಟೆ: ನದಿಯೊಡನೆ ಏನೇನನ್ನು ಕುಗ್ಗಿಸಿದಿರಿ, ಯಾವುದು ಕುಗ್ಗದೆ ಉಳಿಯಿತು, ಮರಳಿನ ಬದಲು ಏನು ಹಾಕಿದಿರಿ?