ಒರತೆ ಶುದ್ಧ, ಶಾಲೆಯ ನಲ್ಲಿ?

ಮಲೆನಾಡಿನ ಜನರಿಗೆ ತಮ್ಮ ಅಬ್ಬಿ ನೀರಿನ ಮೇಲೆ ಅಪಾರ ನಂಬಿಕೆ. ಕಾಡಿನ ಒರತೆಯಿಂದ ಹರಿದು ಬರುವ ತಿಳಿನೀರಿಗೆ ಪರೀಕ್ಷೆ ಏತಕ್ಕೆ ಎಂಬುದು ಹಿರಿಯರ ಪ್ರಶ್ನೆ. ಸೀಸದ ಮಟ್ಟಿಗೆ ಒರತೆಯ ಮೇಲಿನ ಆ ನಂಬಿಕೆ ಬಹುತೇಕ ಸರಿಯೇ. ಆದರೆ ಶಾಲೆಯ ಮಕ್ಕಳು ಕುಡಿಯುವುದು ನಲ್ಲಿಯ ನೀರನ್ನು. ಸೀಸವೆಂಬ ವಿಷ ನೀರಿಗೆ ಸೇರುವುದು ಹೆಚ್ಚಾಗಿ ದಾರಿಯಲ್ಲಿಯೇ: ಸೀಸ ಬೆರೆಸಿ ತಯಾರಿಸಿದ ಹಳೆಯ ಪಿವಿಸಿ ಕೊಳವೆ, ಹಿತ್ತಾಳೆಯ ನಲ್ಲಿ, ಬೆಸುಗೆ ಹಾಕಿದ ಜೋಡಣೆಗಳಿಂದ.

ಇಲ್ಲಿ ಮಲೆನಾಡಿನ ನೀರಿನ ಹಿರಿಮೆಯೇ ಅದಕ್ಕೆ ಮುಳುವಾಗಬಲ್ಲದು. ಬಯಲುಸೀಮೆಯ ಗಡಸು ನೀರು ಕೊಳವೆಯ ಒಳಮೈಗೆ ಸುಣ್ಣದ ಪದರ ಕಟ್ಟಿ ಲೋಹವನ್ನು ಕೆಲಮಟ್ಟಿಗೆ ಮುಚ್ಚಿಡುತ್ತದೆ. ಭಾರೀ ಮಳೆಯಲ್ಲಿ ತೊಳೆದುಹೋದ ಕೆಂಪುಮಣ್ಣಿನ ಗುಡ್ಡಗಳ ನೀರಾದರೋ ಮೆದು, ತುಸು ಆಮ್ಲೀಯ. ಇಂಥ ನೀರು ರಾತ್ರಿಯಿಡೀ ನಲ್ಲಿಯಲ್ಲಿ ನಿಂತರೆ ಲೋಹವನ್ನು ಕರಗಿಸಿಕೊಳ್ಳುತ್ತದೆ. ಸೋಮವಾರ ಬೆಳಿಗ್ಗೆ ಮತ್ತು ರಜೆ ಮುಗಿದ ಮೊದಲ ದಿನ ಅಪಾಯ ಹೆಚ್ಚು.

ಅಮೆರಿಕದ ಫ್ಲಿಂಟ್ ನಗರ 2014ರಲ್ಲಿ ನೀರಿನ ಮೂಲವನ್ನು ಬದಲಿಸಿ ನದಿಯ ನೀರನ್ನು ಹರಿಸಿತು. ಕೊಳವೆಯ ಸವೆತ ತಡೆಯುವ ರಾಸಾಯನಿಕವನ್ನು ಸೇರಿಸಲಿಲ್ಲ. ಸೀಸ ಬಂದದ್ದು ನದಿಯಿಂದಲ್ಲ, ಹಳೆಯ ಕೊಳವೆಗಳಿಂದ. ಬೆಲೆ ತೆತ್ತವರು ಮಕ್ಕಳು.

ಮಕ್ಕಳ ದೇಹ ವಯಸ್ಕರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಹೀರಿಕೊಳ್ಳುತ್ತದೆ. ಕಬ್ಬಿಣ, ಸುಣ್ಣದ ಅಂಶ ಕಡಿಮೆಯಿರುವ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಬುದ್ಧಿ, ಏಕಾಗ್ರತೆ, ಕಲಿಕೆ ಕುಂದುತ್ತವೆ. ಕುಂದಿದ್ದು ಮರಳಿ ಬಾರದು. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ 0.01 ಮಿಲಿಗ್ರಾಂಗಿಂತ ಹೆಚ್ಚು ಸೀಸವಿರಬಾರದು. ಈ ಸೀಸಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ.

ಆದ್ದರಿಂದ ಪರೀಕ್ಷಿಸಬೇಕಾದುದು ಒರತೆಯನ್ನಷ್ಟೇ ಅಲ್ಲ, ಪ್ರತಿಯೊಂದು ನಲ್ಲಿಯನ್ನು. ರಾತ್ರಿಯಿಡೀ ನಿಂತ ನೀರಿನ ಮೊದಲ ಕಾಲು ಲೀಟರನ್ನು ಒಂದು ಸೀಸೆಯಲ್ಲಿ, ಅರ್ಧ ನಿಮಿಷ ಹರಿಸಿದ ಬಳಿಕ ಬಂದ ನೀರನ್ನು ಇನ್ನೊಂದರಲ್ಲಿ ಹಿಡಿದು, ಲೋಹಗಳನ್ನು ಅಳೆಯಬಲ್ಲ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಮೊದಲನೆಯದರಲ್ಲಿ ಮಾತ್ರ ಸೀಸವಿದ್ದರೆ ದೋಷ ನಲ್ಲಿಯದು. ಎರಡರಲ್ಲೂ ಇದ್ದರೆ ಒಳಗಿನ ಕೊಳವೆಯನ್ನು ಶಂಕಿಸಬೇಕು. ನಲ್ಲಿಯೊಂದನ್ನು ಬದಲಿಸುವ ವೆಚ್ಚ ಯಾವ ಪಂಚಾಯಿತಿಗೂ ಭಾರವಲ್ಲ.

ವರದಿ ಬರುವವರೆಗೆ ಶಾಲೆಗಳು ಬೆಳಿಗ್ಗೆ ಕೆಲವು ನಿಮಿಷ ನೀರು ಹರಿಯಬಿಡಬೇಕು. ಬೇಸಿಗೆಯಲ್ಲಿ ನೀರು ಪೋಲಾದೀತೆಂಬ ಆಕ್ಷೇಪಕ್ಕೆ ಉತ್ತರ ಸರಳ: ಆ ನೀರನ್ನು ಬಕೆಟಿನಲ್ಲಿ ಹಿಡಿದು ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಬಹುದು. ಬಿಸಿಯೂಟದ ಅಡುಗೆಗೂ ಹರಿಸಿದ ನಂತರದ ನೀರೇ ಆಗಬೇಕು.

ಪಿವಿಸಿ ಕೊಳವೆಗಳಲ್ಲಿ ಸೀಸದ ಬಳಕೆಯನ್ನು ನಿಯಂತ್ರಿಸಲು ಕೇಂದ್ರ ಸರ್ಕಾರ ನಿಯಮ ತಂದದ್ದು 2021ರಲ್ಲಿ. ಅದಕ್ಕೂ ಮೊದಲು ಹೂತ ಕೊಳವೆಗಳು ನೆಲದಡಿಯಲ್ಲಿ ಹಾಗೆಯೇ ಇವೆ. ಅವುಗಳ ಲೆಕ್ಕ ಕೇಳುವ ಹಕ್ಕು ಪಾಲಕರಿಗಿದೆ. ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲೇ ಈ ಪ್ರಶ್ನೆ ಏಳಲಿ. ಪರೀಕ್ಷಾ ವರದಿ ಶಾಲೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಲಿ. ಅಬ್ಬಿಯನ್ನು ಕಾಪಾಡಲು ಹೋರಾಡಿದ ಊರುಗಳು ಅದೇ ನೀರು ಮಗುವಿನ ಬಾಯಿಗೆ ಶುದ್ಧವಾಗಿಯೇ ತಲುಪಿತೆಂದು ಖಾತ್ರಿಪಡಿಸಿಕೊಂಡಾಗಲೇ ಆ ಕೆಲಸ ಪೂರ್ಣವಾಗುತ್ತದೆ.