ಮಾರಿಕಣಿವೆಯಲ್ಲಿ ಎರಡು ದಿನ

ನಮ್ಮ ಆಫೀಸಿನಲ್ಲಿ ರಜೆ ಅಂದ್ರೆ ಮಾಲ್ಡೀವ್ಸ್, ಇಲ್ಲಾಂದ್ರೆ ಅಂಡಮಾನ್. ನಾನೂ ಖರ್ಚಿನ ಲೆಕ್ಕ ಹಾಕ್ತಾ ಇದ್ದೆ. ಅಷ್ಟರಲ್ಲಿ ದುರ್ಗದಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸು ಹಿರಿಯೂರಿನ ಹತ್ತಿರ ಕೆಟ್ಟು ನಿಂತಿತು. ವಾಣಿವಿಲಾಸಪುರದ ದೊಡ್ಡಮ್ಮನ ಮನೆಗೆ ಹೋದವನು ಎರಡು ದಿನ ಅಲ್ಲೇ ಉಳಿದುಬಿಟ್ಟೆ!

ಮಾರಿಕಣಿವೆ ಗೊತ್ತಲ್ಲ? ವೇದಾವತಿಗೆ ಅಡ್ಡವಾಗಿ 1898ರಲ್ಲಿ ಕಟ್ಟಲು ಶುರುಮಾಡಿ 1907ರಲ್ಲಿ ಮುಗಿಸಿದ ಅಣೆಕಟ್ಟು. 1933ರಲ್ಲಿ ತುಂಬಿದ್ದು ಮತ್ತೆ ತುಂಬೋಕೆ 2022 ಬರಬೇಕಾಯ್ತು. ಆಮೇಲೆ 2025ರಲ್ಲೂ ತುಂಬಿತು. ಸಂಜೆ ದಂಡೆ ಮೇಲೆ ಕೂತೆವು. ಸುತ್ತ ಗುಡ್ಡ, ಎದುರಿಗೆ ನೀರು, ಕೈಯಲ್ಲಿ ಮಂಡಕ್ಕಿ...

"ಕೋಡಿ ಬೀಳೋದನ್ನ ನೋಡ್ಬೇಕು ಅಂತ ನಿಮ್ಮಜ್ಜಿ ಕಾದು ಕಾದೇ ಹೋದ್ಲು ಕಣೋ" ಅಂದ್ರು ದೊಡ್ಡಮ್ಮ. ನಾನು ಮಾತಾಡಲಿಲ್ಲ. ಅಜ್ಜಿ ಕಾದಿದ್ದ ಕೋಡಿಯನ್ನ ನಾನು ಎರಡು ಸಲವೂ ಮೊಬೈಲಿನಲ್ಲಿ ನೋಡಿ, ಲೈಕ್ ಒತ್ತಿ ಸುಮ್ಮನಾಗಿದ್ದೆ. ದೊಡ್ಡಮ್ಮನ ಮನೆಗೆ ಬಂದೇ ಆರು ವರ್ಷವಾಗಿತ್ತು.

ಮಾಲ್ಡೀವ್ಸ್‌ಗೆ ಹೋಗಬೇಡಿ ಅನ್ನಲ್ಲ, ದುಡ್ಡಿದ್ರೆ ನಾನೂ ಹೋಗ್ತೀನಿ :) ಆದ್ರೆ ಅಲ್ಲೂ ಮಾಡೋದು ನೀರು ನೋಡ್ತಾ ಸುಮ್ನೆ ಕೂರೋದು ತಾನೆ? ಬಯಲುಸೀಮೆಯವರಿಗೆ ತುಂಬಿದ ಕೆರೆಗಿಂತ ದೊಡ್ಡ ರಜೆ ಯಾವುದಿದೆ? ಅದನ್ನ ತಿಳಿಯೋಕೆ ನನಗೆ ಬಸ್ಸು ಕೆಡಬೇಕಾಯ್ತು.

ನೀವು ಸುಮ್ನೆ ಊರಿಗೆ ಹೋಗಿ ಎಷ್ಟು ದಿನವಾಯ್ತು?