ಸ್ವಲ್ಪ ನೀಟಾಗಿ ಬಾ ಅಂದವರಿಗೆ

“ಚಿಕ್ಕಿ, ನಿಂಗೂ ಮುಂಚೆ ನನ್ನ ಥರಾನೇ ಕೂದಲಿತ್ತಂತೆ, ಹೌದಾ? ನೀನು ಸರಿ ಮಾಡಿಸ್ಕೊಂಡ್ಯಲ್ಲ, ನಂಗೂ ಮಾಡಿಸು.”

ಎರಡು ದೀಪಾವಳಿಯ ಹಿಂದೆ, ಸಾಗರದ ನಮ್ಮ ಮನೆಯ ಬಚ್ಚಲಲ್ಲಿ, ತಲೆಗೆ ಎಣ್ಣೆ ಹಚ್ಚಿಸಿಕೊಂಡು ಮಣೆ ಮೇಲೆ ಕೂತಿದ್ದ ಅಕ್ಕನ ಮಗಳು ಕೇಳಿದ ಮಾತಿದು. ಆಗ ಅವಳಿಗೆ 6 ವರ್ಷ. ಅವಳದು ನಮ್ಮಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನಮಗೆ ಬಂದ ಗುಂಗುರು ಕೂದಲು. ನನ್ನದು ಗೆರೆ ಎಳೆದ ಹಾಗೆ ಬೆನ್ನ ಮೇಲೆ ಬೀಳುವಂಥದ್ದು, ದುಡ್ಡು ಕೊಟ್ಟು ಮಾಡಿಸಿದ್ದು. ಅವಳು ‘ನೇರ ಮಾಡಿಸು’ ಅನ್ನಲಿಲ್ಲ. ‘ಚಂದ ಮಾಡಿಸು’ ಅಂತಲೂ ಅನ್ನಲಿಲ್ಲ. ‘ಸರಿ ಮಾಡಿಸು’ ಅಂದಳು. ನಲ್ಲಿ ಸೋರಿದರೆ ಸರಿ ಮಾಡಿಸ್ತೀವಿ. ಸ್ಕೂಟರ್ ಕೆಟ್ಟರೆ ಸರಿ ಮಾಡಿಸ್ತೀವಿ. ತನ್ನ ತಲೆಯಲ್ಲೂ ಏನೋ ರಿಪೇರಿ ಬಾಕಿ ಇದೆ ಅಂತ ಆ ಮಗುವಿಗೆ ಗೊತ್ತಾಗಿಬಿಟ್ಟಿತ್ತು. ಅದನ್ನು ಅವಳಿಗೆ ಕಲಿಸಿದ್ದು ಯಾವ ಜಾಹೀರಾತೂ ಅಲ್ಲ, ಚಿಕ್ಕಿಯ ತಲೆ.

ಹಾಗಾಗಿ ಮೊದಲೇ ಹೇಳಿಬಿಡ್ತೀನಿ, ನಾನು ಎತ್ತರದ ಕಟ್ಟೆಯ ಮೇಲೆ ಕೂತು ಮಾತಾಡುತ್ತಿಲ್ಲ. 9 ವರ್ಷ ಕೂದಲು ನೇರ ಮಾಡಿಸಿಕೊಂಡು ಓಡಾಡಿದವಳು ನಾನು.

ಶುರುವಾಗಿದ್ದು ಕಾಲೇಜಿನ ಕೊನೇ ವರ್ಷ, ಕ್ಯಾಂಪಸ್ ಇಂಟರ್ವ್ಯೂಗೆ ಮುಂಚೆ. ನಮಗೆ ‘ಗ್ರೂಮಿಂಗ್’ ಹೇಳಿಕೊಡಲು ಬಂದಿದ್ದವರು ಸಾಲಾಗಿ ನಿಂತ ನಮ್ಮನ್ನು ಒಬ್ಬೊಬ್ಬರಾಗಿ ನೋಡುತ್ತಾ ಬಂದು, ನನ್ನ ಹತ್ತಿರ ನಿಂತು, “ನೀನು ಇದಕ್ಕೆ ಏನಾದ್ರೂ ಮಾಡ್ಬೇಕಮ್ಮ” ಅಂದರು. ಹೆಸರಿಡುವ ಗೋಜಿಗೂ ಹೋಗಲಿಲ್ಲ, ‘ಇದಕ್ಕೆ’ ಅಷ್ಟೇ. ಶಾಲೆಯಲ್ಲಿ ಮ್ಯಾಗಿ, ಸಾಯಿಬಾಬಾ, ಹಕ್ಕಿಗೂಡು ಅಂತೆಲ್ಲ ಕರೆಸಿಕೊಂಡಿದ್ದೆ. ಅದು ಮಕ್ಕಳ ಮಾತು, ಮರೆಯಬಹುದು. ಆದರೆ ಸಂಬಳಕ್ಕೂ ನನ್ನ ಕೂದಲಿಗೂ ಸಂಬಂಧ ಇದೆ ಅಂತ ದೊಡ್ಡವರೊಬ್ಬರು ಹೇಳಿದ್ದು ಅದೇ ಮೊದಲು. ಅಮ್ಮನಿಗೆ ಪುಸ್ತಕಕ್ಕೆ ಅಂತ ಸುಳ್ಳು ಹೇಳಿ ದುಡ್ಡು ತರಿಸಿಕೊಂಡು ಸಲೂನಿಗೆ ಹೋದೆ. ಕೆಲಸ ಸಿಕ್ಕಿತು. ಕೂದಲಿಂದ ಸಿಕ್ಕಿತಾ? ಖಂಡಿತ ಅಲ್ಲ. ಆದರೆ 22ನೇ ವಯಸ್ಸಿನಲ್ಲಿ ಅದನ್ನು ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗಿರುತ್ತೆ?

ಆಮೇಲೆ ಅದೊಂದು ಇಎಂಐ ಇದ್ದ ಹಾಗೆ. ಕೂದಲು ತಿಂಗಳಿಗೆ ಹೆಚ್ಚು ಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತೆ. ಬೆಳೆದದ್ದು ಬುಡದಿಂದ, ತನ್ನ ಹುಟ್ಟುಗುಣದಂತೆ ಗುಂಗುರಾಗಿಯೇ ಬರುತ್ತೆ. 4 ತಿಂಗಳು ಕಳೆಯುವಷ್ಟರಲ್ಲಿ ಮೇಲೆ ಪೊದೆ, ಕೆಳಗೆ ಜಲಪಾತ. ಮತ್ತೆ ಸಲೂನು, ಮತ್ತೆ 5 ಗಂಟೆ, ಮತ್ತೆ 6-7 ಸಾವಿರ. ಆಮೇಲೆ 3 ದಿನ ತಲೆಗೆ ನೀರು ಹಾಕುವಂತಿಲ್ಲ, ಕಿವಿ ಹಿಂದೆ ಸಿಕ್ಕಿಸುವಂತಿಲ್ಲ, ರಬ್ಬರ್ ಬ್ಯಾಂಡ್ ಹಾಕುವಂತಿಲ್ಲ. ಅಜ್ಜಿ ತೀರಿಕೊಂಡಾಗ ನನಗೆ ಅದು ಎರಡನೇ ದಿನ. ತಲೆಸ್ನಾನ ಮಾಡಲೇಬೇಕಲ್ಲ, ಮಾಡಿದೆ. ಬಿಸಿನೀರು ಹೊಯ್ದುಕೊಳ್ಳುವಾಗ ಒಂದು ಕ್ಷಣ ‘ಅಯ್ಯೋ, 7 ಸಾವಿರ’ ಅನ್ನಿಸಿತು. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಆ 5 ಗಂಟೆಯಲ್ಲಿ ನಡೆಯುವುದೇನು? ನಮ್ಮ ಕೂದಲು ಕೆರಾಟಿನ್ ಎಂಬ ಪ್ರೋಟೀನು. ಅದರೊಳಗಿನ ಗಂಧಕದ ಕೊಂಡಿಗಳು ಕೂದಲಿನ ಆಕಾರವನ್ನು ಹಿಡಿದಿಡುತ್ತವೆ. ಸ್ಟ್ರೈಟನಿಂಗ್ ಕ್ರೀಮು ಆ ಕೊಂಡಿಗಳನ್ನು ಮುರಿಯುತ್ತೆ, ಇಸ್ತ್ರಿ ಕೂದಲನ್ನು ಚಪ್ಪಟೆ ಮಾಡುತ್ತೆ, ಕೊನೆಯ ಕ್ರೀಮು ಅದೇ ಆಕಾರದಲ್ಲಿ ಬೀಗ ಹಾಕುತ್ತೆ. ‘ಕೆರಾಟಿನ್ ಟ್ರೀಟ್‌ಮೆಂಟ್’ ಅನ್ನುವುದರ ದಾರಿ ಬೇರೆ. ಅದರಲ್ಲಿ ಹಲವು ಬ್ರಾಂಡುಗಳು ಇಸ್ತ್ರಿಯ ಬಿಸಿಗೆ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಹೌದು, ಸೈನ್ಸ್ ಲ್ಯಾಬಿನಲ್ಲಿ ಕಪ್ಪೆಯನ್ನು ಕೆಡದಂತೆ ಇಡ್ತಾರಲ್ಲ, ಅದೇ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿ ವರ್ಷಗಳೇ ಆದವು.

ಅಮೆರಿಕದಲ್ಲಿ 33 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದ ಒಂದು ಅಧ್ಯಯನ 2022ರಲ್ಲಿ ಬಂತು. ಕೂದಲು ನೇರ ಮಾಡುವ ರಾಸಾಯನಿಕ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ 1.64. ವರ್ಷಕ್ಕೆ 4 ಸಲಕ್ಕಿಂತ ಹೆಚ್ಚು ಬಳಸಿದವರಲ್ಲಿ 4.05. ಇದು ನಂಟು ತೋರಿಸುತ್ತೆ, ಕಾರಣ ಇದೇ ಅಂತ ಸಾಬೀತು ಮಾಡಲ್ಲ. ನೂರಕ್ಕೆ ನಾಲ್ಕು ಅಂದರೆ ಬಹುಪಾಲು ಜನಕ್ಕೆ ಏನೂ ಆಗಲ್ಲ ಅಂತಲೂ ಅರ್ಥ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಆದರೆ 9 ವರ್ಷದಲ್ಲಿ ಒಂದೇ ಒಂದು ಸಲೂನು ಕೂಡ ಬಾಟಲಿಯ ಹಿಂಬದಿ ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಪ್ಯಾಕೆಟ್ ಹಾಲು ಕೊಳ್ಳುವಾಗ ತಾರೀಖು ನೋಡುವವಳು ನಾನು.

‘ನಮ್ಮದು ಫಾರ್ಮಾಲ್ಡಿಹೈಡ್ ಇಲ್ಲದ್ದು ಮೇಡಂ’ ಅನ್ನುವ ಸಲೂನುಗಳೂ ಈಗ ಇವೆ. ಅಂಥ ಎಷ್ಟೋ ಉತ್ಪನ್ನಗಳಲ್ಲಿ ಅದರ ಬದಲಿಗೆ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತೆ. ಟ್ಯುನೀಷಿಯಾದ ಒಂದೇ ಸಲೂನಿನಲ್ಲಿ 3 ಸಲ ಕೂದಲು ನೇರ ಮಾಡಿಸಿ, 3 ಸಲವೂ ಕಿಡ್ನಿಗೆ ಪೆಟ್ಟು ಮಾಡಿಕೊಂಡ 26 ವರ್ಷದ ಹೆಣ್ಣುಮಗಳೊಬ್ಬಳ ಕೇಸನ್ನು ಫ್ರೆಂಚ್ ವೈದ್ಯರು 2024ರಲ್ಲಿ ಪ್ರಕಟಿಸಿದರು. ಅವರ ಅನುಮಾನ ಇದ್ದದ್ದು ಈ ಆಮ್ಲದ ಮೇಲೇ.

ಇಷ್ಟೆಲ್ಲ ಓದಿಯೂ ನನಗೆ ಹೆಚ್ಚು ನೆನಪಾಗುವುದು ಇನ್ನೊಂದು ಮುಖ. ಕೊನೇ ಸಲ ಮಾಡಿಸಿಕೊಂಡಾಗ ನನ್ನ ಕೂದಲಿಗೆ ಇಸ್ತ್ರಿ ಹಿಡಿದಿದ್ದವಳಿಗೆ ಇಪ್ಪತ್ತು ವರ್ಷ ಇದ್ದಿರಬಹುದು. ಹೊಗೆಗೆ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳ ಮೂಗಿಗೆ ಇದ್ದದ್ದು ತೆಳ್ಳನೆಯ ಬಟ್ಟೆಯ ಮಾಸ್ಕು. “ನಿಂಗೆ ಉರಿಯಲ್ವಾ?” ಅಂದೆ. “ಅಭ್ಯಾಸ ಆಗಿದೆ ಮೇಡಂ, ಇವತ್ತು ನಿಮ್ದು ಮೂರನೇದು” ಅಂದಳು. ನಾನು ಆರು ತಿಂಗಳಿಗೊಮ್ಮೆ ಬಂದು ಹೋಗುವ ಗಿರಾಕಿ. ಅವಳು ದಿನಾ ಆ ಎಸಿ ರೂಮಿನಲ್ಲಿ, ಕಿಟಕಿಯಿಲ್ಲದ ಮಾಲಿನ ಎರಡನೇ ಮಹಡಿಯಲ್ಲಿ. ಮೀಟಿಂಗಿನಲ್ಲಿ ನಾವು ‘ನೀಟಾಗಿ’ ಕಾಣುವುದಕ್ಕೆ ಅವಳ ಶ್ವಾಸಕೋಶವೂ ಖರ್ಚಾಗುತ್ತಿದೆ. ನನ್ನ ಬಿಲ್ಲಿನಲ್ಲಿ ಜಿಎಸ್‌ಟಿ ಇತ್ತು, ಅದರ ಲೆಕ್ಕ ಇರಲಿಲ್ಲ.

“ಅದು ಅವರವರ ಚಾಯ್ಸ್ ಅಲ್ವಾ?” ಅಂತ ಕೇಳುವವರಿದ್ದೀರಿ, ಗೊತ್ತು. ಖಂಡಿತ ಚಾಯ್ಸ್. ನೇರ ಮಾಡಿಸಿಕೊಂಡವರನ್ನು ಹಂಗಿಸಲು ಈ ಅಂಕಣ ಅಲ್ಲ. ಆದರೆ ಚಾಯ್ಸ್ ಅನ್ನುವುದು ಎರಡೂ ಕಡೆ ಓಡಾಡುವ ರಸ್ತೆ ಆಗಿರಬೇಕು ತಾನೇ? ಇದು ಒನ್‌ವೇ. ಕ್ಲೈಂಟ್ ಬರ್ತಾರೆ ಅಂತ ನೇರ ಕೂದಲಿನ ಎಷ್ಟು ಜನ ಗುಂಗುರು ಮಾಡಿಸಿಕೊಂಡು ಬಂದಿದ್ದಾರೆ? ಹೆಣ್ಣು ನೋಡಲು ಬರುವ ದಿನ ಯಾವ ತಾಯಿ ಮಗಳಿಗೆ ‘ಸ್ವಲ್ಪ ಗುಂಗುರು ಮಾಡ್ಕೊಳ್ಳೇ’ ಅಂದಿದ್ದಾಳೆ? ಸಿನಿಮಾದಲ್ಲಿ ಪೆದ್ದು ಹುಡುಗಿ ಚೆಲುವೆಯಾಗುವ ದೃಶ್ಯ ನೆನಪಿಸಿಕೊಳ್ಳಿ. ಮೊದಲು ಕನ್ನಡಕ ಹೋಗುತ್ತೆ, ಆಮೇಲೆ ಗುಂಗುರು ಹೋಗುತ್ತೆ.

ಇನ್ನು ನಮ್ಮ ಆಫೀಸು. ಯಾವ ಕಂಪನಿಯ ನಿಯಮದಲ್ಲೂ ‘ಕೂದಲು ನೇರ ಇರಬೇಕು’ ಅಂತ ಬರೆದಿದ್ದನ್ನು ನಾನು ನೋಡಿಲ್ಲ. ಬರೆದಿರುವುದು ‘ನೀಟ್’, ‘ವೆಲ್ ಗ್ರೂಮ್ಡ್’. ಕಾನೂನಿನ ಪ್ರಕಾರ ಬಲು ಮುಗ್ಧ ಪದಗಳು. ಆದರೆ ಅವಕ್ಕೆ ಅರ್ಥ ಕೊಡುವವರು ಮನುಷ್ಯರು. ನೇರ ಕೂದಲು ಬಿಟ್ಟುಕೊಂಡು ಬಂದ ಸಹೋದ್ಯೋಗಿ ‘ಪ್ರೊಫೆಷನಲ್’. ನಾನು ತೊಳೆದು, ಒಣಗಿಸಿ, ಅವಳಷ್ಟೇ ಬಿಟ್ಟುಕೊಂಡು ಹೋದರೆ “ಏನ್ರೀ, ರಾತ್ರಿ ನಿದ್ದೆ ಮಾಡಿಲ್ವಾ?” ಹುಡುಗನಿಗೆ ಗುಂಗುರಿದ್ದರೆ ಅವನು ಕ್ರಿಯೇಟಿವ್. ಹುಡುಗಿಗೆ ಇದ್ದರೆ ಅವಳಿಗೆ ಟೈಮ್ ಮ್ಯಾನೇಜ್‌ಮೆಂಟ್ ಗೊತ್ತಿಲ್ಲ.

ತಮಾಷೆ ಅಂದರೆ, ನಮ್ಮ ಭಾಷೆಗೆ ಈ ತಕರಾರು ಇದ್ದಂತಿಲ್ಲ. ಕುರುಳು, ಮುಂಗುರುಳು ಅಂತ ಎಷ್ಟು ಮುದ್ದು ಮಾಡಿದೆ ಕನ್ನಡ! ಶ್ರವಣಬೆಳಗೊಳದಲ್ಲಿ ಸುಮಾರು 981ರಿಂದ ನಿಂತಿರುವ 57 ಅಡಿಯ ಗೊಮ್ಮಟನ ತಲೆ ನೋಡಿದ್ದೀರಾ? ಪುಟ್ಟಪುಟ್ಟ ಸುರುಳಿಗಳು. ಮಸ್ತಕಾಭಿಷೇಕಕ್ಕೆ ಲಕ್ಷಾಂತರ ಜನ ಹೋಗಿ ಬಂದರೂ ‘ಸ್ವಲ್ಪ ಬಾಚಿ ಕೆತ್ತಬಾರದಿತ್ತಾ’ ಅಂತ ಯಾರೂ ಹೇಳಿದ್ದು ಕೇಳಿಲ್ಲ.

ಹಾಗಂತ ಹಳೇ ಕಾಲವನ್ನು ಹೊಗಳುತ್ತಾ ಕೂರಲು ನಾನು ತಯಾರಿಲ್ಲ. ಬಿಚ್ಚಿದ ಕೂದಲು ಅಂದರೆ ನಮಗೆ ಮೊದಲಿಂದಲೂ ಭಯ. ದ್ರೌಪದಿಯ ಬಿಚ್ಚಿದ ಮುಡಿ ಅಂದರೆ ನಮ್ಮ ಮನಸ್ಸಿಗೆ ಬರುವುದು ಯುದ್ಧವೇ. ನನ್ನ ಅಜ್ಜಿಯೂ “ಕೂದಲು ಬಿಟ್ಕೊಂಡು ಮಾರಿ ಥರ ತಿರುಗಬೇಡ” ಅಂತ ಕಣ್ಣು ಎಳೆದುಕೊಳ್ಳುವಷ್ಟು ಬಿಗಿಯಾಗಿ ಜಡೆ ಹೆಣೆಯುತ್ತಿದ್ದಳು. ಆದರೆ ಜಡೆ ಹೆಣೆಯುವ ಮೊದಲು ಅವಳು ಮಾಡುತ್ತಿದ್ದುದನ್ನು ನಾನು ಗಮನಿಸಿರಲೇ ಇಲ್ಲ. ದಾಸವಾಳದ ಎಲೆ, ಇಲ್ಲವೇ ಮತ್ತಿ ಸೊಪ್ಪನ್ನು ನೀರಲ್ಲಿ ಕಿವುಚಿ ತೆಗೆದ ಲೋಳೆ, ನಮ್ಮ ಕಡೆ ಅದಕ್ಕೆ ಗೊಂಪು ಅಂತಾರೆ. ಅದನ್ನು ಒದ್ದೆ ಕೂದಲಿಗೆ ಸವರಿ, ಬೆರಳಲ್ಲೇ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುತ್ತಿದ್ದಳು. ಈಗಿನ ಭಾಷೆಯಲ್ಲಿ ಹೇಳಬೇಕಂದರೆ ಕಂಡಿಷನರ್ ಹಚ್ಚಿ ಡಿಟ್ಯಾಂಗಲ್ ಮಾಡುವುದು.

ನಾನು ಕಲಿತದ್ದು ಇದರ ಉಲ್ಟಾ. ಒಣಗಿದ ಮೇಲೆ ಬಾಚಣಿಗೆ ಹಾಕು, ನೂರು ಸಲ ಬಾಚು, ಟವೆಲಲ್ಲಿ ಗಸಗಸ ಉಜ್ಜು. ಗುಂಗುರು ಕೂದಲನ್ನು ಅಡ್ಡ ಕೊಯ್ದರೆ ಅದು ದುಂಡಗಿರಲ್ಲ, ಚಪ್ಪಟೆ. ಹುಟ್ಟುವ ಬುಡದ ಚೀಲವೇ ಬಾಗಿರುತ್ತೆ. ನೆತ್ತಿಯ ಎಣ್ಣೆ ನೇರ ಕೂದಲಲ್ಲಿ ಸಲೀಸಾಗಿ ಜಾರಿ ತುದಿ ಮುಟ್ಟಿದರೆ, ಇಲ್ಲಿ ತಿರುವುಗಳಲ್ಲೇ ಸಿಕ್ಕಿಬೀಳುತ್ತೆ, ಆಗುಂಬೆ ಘಾಟಿಯಲ್ಲಿ ಲಾರಿ ಸಿಕ್ಕಿಹಾಕಿಕೊಂಡ ಹಾಗೆ. ಅದಕ್ಕೇ ತುದಿ ಒಣಕಲು. ಒಣಗಿದ ಸುರುಳಿಗೆ ಬಾಚಣಿಗೆ ಹಾಕಿದರೆ ಎಳೆ ಎಳೆಯಾಗಿ ಬಿಟ್ಟುಕೊಂಡು ಕೆದರುತ್ತೆ. ‘ನೋಡು, ಕೆದರಿದೆ’ ಅಂತ ಇನ್ನಷ್ಟು ಬಾಚ್ತಾರೆ. ಎಡಗೈಯವನಿಗೆ ಬಲಗೈ ಕತ್ತರಿ ಕೊಟ್ಟು, ‘ನಿಂಗೆ ಬಟ್ಟೆ ಕತ್ತರಿಸೋಕೆ ಬರಲ್ಲ’ ಅಂದ ಹಾಗಾಯ್ತು. ನನ್ನ ‘ಕೆಟ್ಟ ಕೂದಲಿ’ನಲ್ಲಿ ಮುಕ್ಕಾಲು ಪಾಲು ಕೆಟ್ಟ ಸಲಹೆಯಿತ್ತು. ಉಳಿದ ಕಾಲು ಪಾಲು ಬೆಂಗಳೂರಿನ ನೀರಿಂದ. ನಮ್ಮ ಅಪಾರ್ಟ್‌ಮೆಂಟಿಗೆ ಕಾವೇರಿ ಇನ್ನೂ ಬಂದಿಲ್ಲ, ಬೋರ್‌ವೆಲ್ ಇಲ್ಲದ ದಿನ ಟ್ಯಾಂಕರ್. ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುವ ಆ ಗಡಸು ನೀರು ತಲೆಯನ್ನು ಮಾತ್ರ ಬಿಡುತ್ತಾ? ಕೊನೆಯ ಎರಡು ಮಗ್ ಫಿಲ್ಟರ್ ನೀರು ಹೊಯ್ದುಕೊಳ್ಳಲು ಶುರು ಮಾಡಿದ ಮೇಲೆ ವ್ಯತ್ಯಾಸ ನನಗೇ ಕಂಡಿತು.

ಇಲ್ಲಿ ಇನ್ನೊಂದು ಗುಂಪಿನ ಜೊತೆಗೂ ನನ್ನ ಜಗಳ ಇದೆ. ‘ನಿಮ್ಮ ಕರ್ಲ್ಸನ್ನು ಪ್ರೀತಿಸಿ’ ಅನ್ನುವ ಹೊಸ ಅಂಗಡಿಯವರು. ಪ್ರೀತಿಸಲು ಮೊದಲು ನೀವು 2ಸಿಯೋ 3ಬಿಯೋ ಕಂಡುಹಿಡಿಯಬೇಕು. ಆಮೇಲೆ ಸಲ್ಫೇಟ್ ಇಲ್ಲದ ಶಾಂಪೂ, ಲೀವ್ ಇನ್, ಕ್ರೀಮ್, ಜೆಲ್, ರೇಷ್ಮೆಯ ದಿಂಬಿನ ಕವರು, ಡಿಫ್ಯೂಸರ್. ನಾನೂ ಮೊದಲ ತಿಂಗಳು 4 ಸಾವಿರ ಸುರಿದೆ, ನಾಚಿಕೆಯಿಲ್ಲದೆ. ಆಮೇಲೆ ಗೊತ್ತಾಯ್ತು, ಕಿರಾಣಿ ಅಂಗಡಿಯ ಅಗಸೆ ಬೀಜ ನೀರಲ್ಲಿ ಕುದಿಸಿ ಸೋಸಿದರೆ ಅದೇ ಜೆಲ್. ಹಳೇ ಕಾಟನ್ ಟೀಶರ್ಟೇ ಒಳ್ಳೇ ಟವೆಲ್. ಈ ಪದ್ಧತಿಗಳು ಬಹುಪಾಲು ಅಮೆರಿಕದಿಂದ ಬಂದವು. ಅಲ್ಲಿ ಕಪ್ಪು ಜನಾಂಗದ ಹೆಣ್ಣುಮಕ್ಕಳು ಇದಕ್ಕಾಗಿ ಕೆಲಸ ಕಳೆದುಕೊಂಡು, ಕೋರ್ಟು ಹತ್ತಿ ಜಗಳ ಆಡಿದ್ದಾರೆ. ಕೂದಲಿನ ಸಹಜ ರೂಪಕ್ಕಾಗಿ ಯಾರನ್ನೂ ತಾರತಮ್ಯ ಮಾಡುವಂತಿಲ್ಲ ಅಂತ 2019ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು, ಬೇರೆ ರಾಜ್ಯಗಳು ಹಿಂದೆ ಬಂದವು. ಅವರ ನೋವು ನಮ್ಮದಕ್ಕಿಂತ ಬಹಳ ದೊಡ್ಡದು, ಹೋಲಿಸುವುದು ಸಲ್ಲದು. ಆದರೆ ಅಲ್ಲಿಂದ ನಾವು ತರಿಸಿಕೊಂಡಿದ್ದು ನೋಡಿ: ಬಾಟಲಿ ಬಂತು, ಜಗಳ ಬರಲಿಲ್ಲ. ಮನೆಯ ಬಾತ್‌ರೂಮಿನಲ್ಲಿ ಕೂದಲನ್ನು ‘ಎಂಬ್ರೇಸ್’ ಮಾಡಿ, ಅಪ್ರೈಸಲ್ ಮೀಟಿಂಗಿಗೆ ಮಾತ್ರ ಮತ್ತೆ ಇಸ್ತ್ರಿ ಹಾಕಿಕೊಂಡು ಹೋಗುವ ಗೆಳತಿಯರು ನನಗೇ ನಾಲ್ವರಿದ್ದಾರೆ.

ಆ ದೀಪಾವಳಿಯ ನಂತರ ನಾನು ಸಲೂನಿಗೆ ಹೋಗಲಿಲ್ಲ. ಅರ್ಧ ನೇರ ಅರ್ಧ ಗುಂಗುರು ತಲೆ ಹೊತ್ತುಕೊಂಡು 10 ತಿಂಗಳು ತಿರುಗಿದೆ. ನೋಡಲಾಗುತ್ತಿರಲಿಲ್ಲ, ಸುಳ್ಳು ಹೇಳಲ್ಲ. ಒಂದು ದಿನ ನೇರ ಇದ್ದಷ್ಟನ್ನೂ ಕತ್ತರಿಸಿಬಿಟ್ಟೆ. ಮ್ಯಾನೇಜರ್ ಸಾಹೇಬರು ಕ್ಲೈಂಟ್ ಬರುವ ಹಿಂದಿನ ಸಂಜೆ, ಬಹಳ ಮೆತ್ತಗೆ, “ನಾಳೆ ಸ್ವಲ್ಪ ನೀಟಾಗಿ ಬರ್ತೀರಲ್ವಾ?” ಅಂದರು. “ನೀಟ್ ಅಂದ್ರೆ ಏನು ಸರ್, ಹೇಳಿ” ಅಂದೆ. ನಿಜಕ್ಕೂ ಕಾದೆ. ಅವರು ಬಾಯಿ ತೆರೆದರು, ಮುಚ್ಚಿದರು, ಲ್ಯಾಪ್‌ಟಾಪ್ ನೋಡಿದರು. ಪಾಪ, ಕೆಟ್ಟ ಮನುಷ್ಯ ಅಲ್ಲ. ಆ ವಾಕ್ಯವನ್ನು ಪೂರ್ತಿ ಹೇಳಬೇಕಾಗಿ ಬರುತ್ತೆ ಅಂತ ಅವರು ಯಾವತ್ತೂ ಎಣಿಸಿರಲಿಲ್ಲ ಅಷ್ಟೇ. ನಿಮಗೂ ಯಾರಾದರೂ ಹಾಗೆಂದರೆ ದಯವಿಟ್ಟು ಅದೇ ಪ್ರಶ್ನೆ ಕೇಳಿ, ಉತ್ತರ ಬರುವವರೆಗೂ ನಿಂತಿರಿ.

ಅಕ್ಕನ ಮಗಳಿಗೆ ಈಗ 8. ಅಕ್ಕ ಇರುವುದೂ ಬೆಂಗಳೂರಲ್ಲೇ, ಭಾನುವಾರ ಬೆಳಗ್ಗೆ ಆ ಹುಡುಗಿಯ ತಲೆಸ್ನಾನ ನನ್ನ ಪಾಲಿನ ಕೆಲಸ. ಬಾಲ್ಕನಿಯ ಕುಂಡದ ದಾಸವಾಳದ ಎಲೆಯನ್ನು ಅವಳೇ ಕಿವುಚುತ್ತಾಳೆ, ಅರ್ಧ ನೆಲಕ್ಕೆ ಚೆಲ್ಲುತ್ತಾಳೆ. ಹೋದ ತಿಂಗಳು ಶಾಲೆಯ ಡೈರಿಯಲ್ಲಿ ಬಂದಿತ್ತು: ‘ಕೂದಲು ಶಿಸ್ತಾಗಿಲ್ಲ, ಸರಿ ಮಾಡಿ ಕಳಿಸಿ.’ ಮತ್ತೆ ಅದೇ ‘ಸರಿ’. ಎರಡು ಜಡೆ, ರಿಬ್ಬನ್ನು, ನಿಯಮ ಹೇಳಿದ್ದೆಲ್ಲ ಇತ್ತು. ಹಣೆಯ ಮೇಲಿನ ಮುಂಗುರುಳು ಮಾತ್ರ ನಿಯಮ ಓದಿರಲಿಲ್ಲ. ಅಕ್ಕ ಸುಮ್ಮನೆ ಸಹಿ ಹಾಕಿ ಕಳಿಸಲು ಹೊರಟಿದ್ದಳು. ನಾನು ತಡೆದೆ. ಇಬ್ಬರೂ ಕೂತು, ಎರಡು ಸಲ ಹೊಡೆದುಹಾಕಿ, ಕೊನೆಗೆ ಬರೆದೆವು: ‘ಕೂದಲು ತೊಳೆದಿದೆ, ಕಟ್ಟಿದೆ. ಅದು ಇರುವುದೇ ಹೀಗೆ. ಇನ್ನೇನು ಸರಿ ಮಾಡಬೇಕು ಎಂದು ದಯವಿಟ್ಟು ತಿಳಿಸಿ.’

3 ವಾರ ಆಯಿತು. ಡೈರಿ ದಿನಾ ಬರುತ್ತಿದೆ, ಹೋಮ್‌ವರ್ಕ್ ಬರೆಸಿ ಕಳಿಸ್ತಿದ್ದಾರೆ. ಆ ಪುಟಕ್ಕೆ ಮಾತ್ರ ಉತ್ತರ ಬಂದಿಲ್ಲ.